ಹಿಮಾಯತ್‌ನಗರದ ಕ್ರಯಪತ್ರ: ಒಂದು ಶಾಸನಶಾಸ್ತ್ರೀಯ ಅಧ್ಯಯನ

ದಾನಶಾಸನಗಳನ್ನು ಓದಿಯೋದಿ ಕಣ್ಣು ಮಂಜಾದ ನಮ್ಮ ವಿದ್ವಾಂಸರಾರೂ ಹೈದರಾಬಾದಿನ ಹಿಮಾಯತ್‌ನಗರದ ಫ್ಲ್ಯಾಟ್ ಕ್ರಯಪತ್ರಗಳತ್ತ ಈವರೆಗೆ ಕಣ್ಣುಹಾಯಿಸಿಲ್ಲ. ನೃಪತುಂಗನ ಹೆಸರಿನ ಶಾಲೆ ಹತ್ತಿರದ ಕಾಚಿಗುಡದಲ್ಲೇ ಇರುವಾಗ ಈ ಅಸಡ್ಡೆ ಅಕ್ಷಮ್ಯ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪ್ರಶಸ್ತಿಭಾಗ. ಶಾಸನದ ಅರಸ ‘ಶ್ರೀಪೃಥ್ವೀವಲ್ಲಭ’ನಾದರೆ ಬ್ರೋಷರಿನ ಫ್ಲ್ಯಾಟು ಪೂರ್ವಾಭಿಮುಖ, ವಾಸ್ತುಬದ್ಧ, ಕ್ಲಿಯರ್ ಟೈಟಲ್. ಪೃಥ್ವಿಯಲ್ಲಿ ಅರಸನ ಕೈಯಲ್ಲಿದ್ದುದೆಷ್ಟು ಎಂದು ನಾವು ಲೆಕ್ಕ ಹಾಕುವಂತೆಯೇ, 1800 ಚದರಡಿಯಲ್ಲಿ ಲಿಫ್ಟು, ಮೆಟ್ಟಿಲು, ಪಡಸಾಲೆಗಳ ಪಾಲು ಕಳೆದು ಮಂಚ ಹಾಕಲು ಉಳಿದುದೆಷ್ಟು ಎಂದು ಶೋಧಿಸಬೇಕು. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾವನ್ನೇ ಹೇಳಬೇಕೆನ್ನುತ್ತದೆ. ಪ್ರಶಸ್ತಿ ಬರೆಯುವ ಕವಿಗಳು ಕಾಯ್ದೆಗೆ ಬಗ್ಗಿದ್ದು ಯಾವ ಕಾಲದಲ್ಲಿ?

ಮುಂದಿನದು ಸೀಮಾವರ್ಣನೆ. ಮೂಡಲು ಹುಣಸೆಮರ, ತೆಂಕಲು ಕೆರೆಯ ಕೋಡಿ ಎಂದು ಶಾಸನ ಎಲ್ಲೆ ಹೇಳುವ ಕ್ರಮ ಕ್ರಯಪತ್ರದ ಷೆಡ್ಯೂಲಿನಲ್ಲಿ ಇಂದಿಗೂ ಉಳಿದಿದೆ. ವ್ಯತ್ಯಾಸ ಒಂದೇ: ಹೈದರಾಬಾದಿನಲ್ಲಿ ಕೆರೆ ಎಲ್ಲೆಯಾಗಿರದೆ ಒಮ್ಮೊಮ್ಮೆ ಸೈಟಿನ ಒಳಗೇ ಸಿಗುತ್ತದೆ. ಎಫ್‌ಟಿಎಲ್ (ಕೆರೆ ತುಂಬಿದಾಗಿನ ನೀರಿನ ಎಲ್ಲೆ), ಅದರಾಚೆಯ ಬಫರ್ ಜೋನ್ ಎಂಬ ಪಾರಿಭಾಷಿಕ ಪದಗಳನ್ನು ಕಡೆಗಣಿಸಿದವರಿಗೆ 2024ರಲ್ಲಿ ಒತ್ತುವರಿ ತೆರವುಗೊಳಿಸುವ ಹೈಡ್ರಾ ಸಂಸ್ಥೆಯ ಜೆಸಿಬಿಗಳು ಭಾಷ್ಯ ಬರೆದವು.

ಇಲ್ಲೊಂದು ಸ್ಥಳನಾಮ ಗೊಂದಲವಿದೆ. ಹಿಮಾಯತ್‌ನಗರ, ಹಿಮಾಯತ್‌ಸಾಗರ ಎರಡಕ್ಕೂ ಹೆಸರು ಕೊಟ್ಟವನು ಏಳನೆಯ ನಿಜಾಮನ ಹಿರಿಯ ಮಗ ಹಿಮಾಯತ್ ಅಲಿ ಖಾನ್. ನಗರದಲ್ಲಿ ಬೆಲೆ ಕೇಳಿ ಹೌಹಾರಿದವನನ್ನು ಏಜೆಂಟು ಸಾಗರದ ದಿಕ್ಕಿಗೆ ಕರೆದೊಯ್ಯುತ್ತಾನೆ. ರಾಜಕುಮಾರ ಅವನೇ, ಗಜಕ್ಕೆ ದರ ಮಾತ್ರ ಕಡಿಮೆ. 1908ರ ಮೂಸಿ ಪ್ರವಾಹದ ಬಳಿಕ ಸಲಹೆಗೆಂದು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನೇ. ಆ ಸಲಹೆಯ ಫಲವಾಗಿ ಎದ್ದ, ಹಿಮಾಯತ್‌ಸಾಗರವೂ ಸೇರಿದ ಜಲಾಶಯಗಳ ಸುತ್ತ ಹತ್ತು ಕಿಲೋಮೀಟರಿನೊಳಗೆ ಕಟ್ಟಡಗಳಿಗೆ 1996ರ 111ನೆಯ ಸರ್ಕಾರಿ ಆದೇಶ ಕಡಿವಾಣ ಹಾಕಿತು; 2022ರಲ್ಲಿ ಅದನ್ನು ಸಡಿಲಿಸುವ ಮತ್ತೊಂದು ಆದೇಶ ಬಂತು. ಎರಡಕ್ಕೂ ಸಮನ್ವಯ ಮಾಡಿ ಅರ್ಥ ಹೇಳಬಲ್ಲ ಮೀಮಾಂಸಕರಿದ್ದರೆ ಕೂಡಲೇ ಮುಂದೆ ಬರಬೇಕು.

ಇನ್ನು ಪ್ರಧಾನ ಸಮಸ್ಯೆ: ಕೂಟಶಾಸನ. ಗಂಗರ ತಾಮ್ರಪಟಗಳಲ್ಲಿ ಹಲವು ನಕಲಿಯೆಂದು ಫ್ಲೀಟ್ ಸಾಹೇಬರು ಹೇಳಿದರು, ರೈಸ್ ಸಾಹೇಬರು ಒಪ್ಪಲಿಲ್ಲ. ಆ ವಾದದಲ್ಲಿ ಯಾರ ಗೃಹಸಾಲದ ಕಂತೂ ಸಿಕ್ಕಿಕೊಂಡಿರಲಿಲ್ಲವಾದ್ದರಿಂದ ಅದು ಸಾವಕಾಶವಾಗಿ ನಡೆಯಿತು. ಹಿಮಾಯತ್‌ನಗರದಲ್ಲಿ ಆ ಸೌಲಭ್ಯವಿಲ್ಲ. 1908ರ ನೋಂದಣಿ ಕಾಯ್ದೆ ದಸ್ತಾವೇಜನ್ನು ನೋಂದಾಯಿಸುತ್ತದೆಯೇ ಹೊರತು ಮಾಲೀಕತ್ವಕ್ಕೆ ಜಾಮೀನು ನಿಲ್ಲುವುದಿಲ್ಲ. ಇಸಿ ಎಂಬ ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮಾರುವವನ ಷಿಕಾಗೋದಲ್ಲಿರುವ ಮೂರನೆಯ ತಮ್ಮನ ಮುನಿಸು ಅದರಲ್ಲಿ ಕಾಣದು. ಬರೀ ಜಿಪಿಎ ಎಂಬ ಅಧಿಕಾರಪತ್ರದ ಮೇಲೆ ಮಾರಿದರೆ ಹಕ್ಕು ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಹಳೆಯ ಲಿಂಕ್ ಡಾಕ್ಯುಮೆಂಟ್ ಉರ್ದುವಿನಲ್ಲಿದ್ದರಂತೂ ಕೊಳ್ಳುವವನು, ವಕೀಲ, ಬ್ಯಾಂಕಿನವನು ಮೂವರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ‘ಕಾಗದ ಪಕ್ಕಾ ಸಾಬ್’ ಎಂಬ ಏಜೆಂಟನ ವಾಕ್ಯ ಎಲ್ಲ ಪ್ರತಿಗಳಲ್ಲೂ ಪಾಠಾಂತರವಿಲ್ಲದೆ ದೊರೆಯುವುದರಿಂದ ಅದನ್ನು ಪ್ರಕ್ಷಿಪ್ತವೆಂದೇ ಭಾವಿಸತಕ್ಕದ್ದು.

ಬಾಡಿಗೆಯಾದರೂ ಬರುತ್ತದಲ್ಲವೇ ಎಂಬ ಪೂರ್ವಪಕ್ಷವನ್ನು ಹೆಚ್ಚು ಚರ್ಚಿಸಬೇಕಿಲ್ಲ: ಠೇವಣಿಯ ಬಡ್ಡಿಯ ಪಕ್ಕದಲ್ಲಿ ನಿಲ್ಲಿಸಿದರೆ ಅದು ತಾನೇ ನಾಚಿಕೊಳ್ಳುತ್ತದೆ.

ಉಳಿದುದು ಶಾಪಾಶಯ. ಈ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುತ್ತದೆ ಎಂದು ಶಾಸನ ಹೆದರಿಸುತ್ತಿತ್ತು. ಕ್ರಯಪತ್ರದಲ್ಲಿ ಆ ಜಾಗಕ್ಕೆ ಬಂದಿರುವುದು, ಹಕ್ಕಿನಲ್ಲಿ ದೋಷ ಕಂಡರೆ ಮಾರಿದವನೇ ನಷ್ಟ ತುಂಬಿಕೊಡುತ್ತಾನೆಂಬ ಒಂದು ಸಪ್ಪೆ ಕಲಮು. ದೋಷ ಕಾಣುವ ಹೊತ್ತಿಗೆ ಮಾರಿದವನು ಕಾಣುವುದಿಲ್ಲ. ಆದ್ದರಿಂದ ಕವಿಲೆಯನ್ನೇ ಮರಳಿ ಸೇರಿಸುವುದು ಲೇಸೆಂದು ಈ ಪ್ರಬಂಧಕಾರನ ಸೂಚನೆ. ಹಾಗೆ ಸೇರಿಸಿದ ಸಾಲಿಗೂ ಮುದ್ರಾಂಕ ಶುಲ್ಕ ತಗಲುವುದೇ ಎಂಬ ಪ್ರಶ್ನೆಯನ್ನು ಪಿಎಚ್‌ಡಿ ಅಭ್ಯರ್ಥಿಗಳಿಗೆ ಬಿಡಲಾಗಿದೆ.