ಹಡಗುದಾರರ ಜಗಳ: ಒಂದು ಬಹುಶಿಸ್ತೀಯ ಅನುಸಂಧಾನದ ಪೂರ್ವಪೀಠಿಕೆಯತ್ತ

ಪ್ರಸ್ತಾವನೆ

ಯಾವುದೇ ಸಂಕಥನವು ತನ್ನ ಒಡಲಿನಲ್ಲಿಯೇ ಪ್ರತಿಸಂಕಥನವೊಂದನ್ನು ಗರ್ಭೀಕರಿಸಿಕೊಂಡಿರುತ್ತದೆ ಮತ್ತು ಆ ಗರ್ಭೀಕರಣದ ಚಾರಿತ್ರಿಕ ಒತ್ತಡಗಳು ಓದುಗ-ಕರ್ತೃತ್ವದ ನೆಲೆಯಲ್ಲಿ ಸ್ಥಾನಪಲ್ಲಟಗೊಂಡು ಅನನ್ಯತೆಯ ರಾಜಕಾರಣವಾಗಿ ಮೈದಾಳುತ್ತವೆ ಎಂಬುದು ವಿದ್ವಾಂಸರಿಗೆ ತಿಳಿದ ಸಂಗತಿ. ಸದರಿ ಮೈದಾಳುವಿಕೆಯ ತಾತ್ವಿಕ ವಿನ್ಯಾಸಗಳನ್ನು ಹ್ಯಾರಿ ಪಾಟರ್ ಅಭಿಮಾನಿಗಳ ಅಂತರ್ಜಾಲೀಯ ವಾಗ್ವಾದಗಳೊಂದಿಗೆ ಮುಖಾಮುಖಿಯಾಗಿಸುವುದು ಪ್ರಸ್ತುತ ಅಧ್ಯಯನದ ವಿನಮ್ರ ಉದ್ದೇಶ. ಅರ್ಥಾತ್, ಹರ್ಮಾಯನಿ ಕಟ್ಟಿಕೊಳ್ಳಬೇಕಾದ್ದು ರಾನ್‌ನನ್ನೋ ಹ್ಯಾರಿಯನ್ನೋ ಎಂದು ಸಾವಿರಾರು ಜನ ವರ್ಷಗಟ್ಟಲೆ ಜಗಳವಾಡಿದರು.

ಕೊನೆಯ ವಾಕ್ಯ ಸಂಶೋಧನೆಯ ಘನತೆಗೆ ತಕ್ಕುದಲ್ಲವೆಂದು ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಪ್ರಬಂಧಕಾರರು ಅದನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಅಧ್ಯಯನದ ವ್ಯಾಪ್ತಿ ಮತ್ತು ಕಾಲಘಟ್ಟ

ಹ್ಯಾರಿ ಪಾಟರ್ ಸರಣಿಯ ನಾಲ್ಕನೆಯ ಪುಸ್ತಕ 2000ದ ಜುಲೈ 8ರಂದು ಬಂತು. ಐದನೆಯದಕ್ಕೆ 2003ರ ಜೂನ್ 21ರವರೆಗೆ ಕಾಯಬೇಕಾಯಿತು. ಸುಮಾರು ಮೂರು ವರ್ಷಗಳ ಈ ನಡುಗಾಲವನ್ನು ಪ್ರಬಂಧಕಾರರು ‘ಪಠ್ಯವಿರಹ ಕಾಲಘಟ್ಟ’ ಎಂದು ಗುರುತಿಸುತ್ತಾರೆ. ನಮ್ಮ ಕಾವ್ಯಗಳಲ್ಲಿ ವಿರಹಿಣಿಯಾದವಳು ಚಂದ್ರನನ್ನು ಬಯ್ಯುತ್ತಾಳೆ. ಇಲ್ಲಿ ವಿರಹಿಗಳು ಒಬ್ಬರನ್ನೊಬ್ಬರು ಬೈದುಕೊಂಡರು. ಬೈಯುವುದಷ್ಟೇ ಅಲ್ಲ, ಕಥೆ ಬರೆದರು. ಮುಂದಿನ ಪುಸ್ತಕ ಬರುವ ಮೊದಲೇ ಮುಂದಿನ ಪುಸ್ತಕಗಳನ್ನು ತಾವೇ ಬರೆದುಕೊಂಡರು, ಕೆಲವನ್ನು ಮೂಲಕ್ಕಿಂತ ಉದ್ದವಾಗಿ.

ಎರಡು ಪಾತ್ರಗಳನ್ನು ಜೋಡಿಯಾಗಿ ಕಾಣುವುದನ್ನು ಆ ಲೋಕದವರು ಶಿಪ್ಪಿಂಗ್ ಎನ್ನುತ್ತಾರೆ. ಹಾಗಾಗಿ ಪ್ರತಿ ಜೋಡಿಯೂ ಒಂದು ಹಡಗು, ಆ ಜೋಡಿಯನ್ನು ನಂಬಿದವರೆಲ್ಲ ಅದರ ನಾವಿಕರು. 2001ರಲ್ಲಿ ಶುರುವಾದ ‘ಫಿಕ್ಷನ್ ಆ್ಯಲಿ’ ಎಂಬ ಅಭಿಮಾನಿ ಕಥೆಗಳ ತಾಣದಲ್ಲಿ ಹ್ಯಾರಿ–ಹರ್ಮಾಯನಿ ಪಕ್ಷದ ಹಡಗಿನ ಹೆಸರು ‘ಎಚ್.ಎಂ.ಎಸ್. ಪಂಪ್‌ಕಿನ್ ಪೈ’. ರಾನ್ ಪಕ್ಷದವರ ಕೋಟೆ ‘ಶುಗರ್ ಕ್ವಿಲ್’ ಎಂಬ ತಾಣ, ಎದುರು ಪಕ್ಷದ್ದು ‘ಪೋರ್ಟ್‌ಕೀ’. ಒಂದು ಕೋಟೆಯವರು ಇನ್ನೊಂದರ ಬಾಗಿಲಿಗೆ ಹೋಗಿ ಕಾಲೆಳೆದು ಬರುವುದು ನಿತ್ಯವಿಧಿ.

ವರ್ಗೀಕರಣ

ಸದರಿ ವಾಗ್ವಾದಗಳನ್ನು ಒಂಬತ್ತು ವರ್ಗಗಳಾಗಿಯೂ ಪ್ರತಿ ವರ್ಗವನ್ನು ನಾಲ್ಕು ಉಪವರ್ಗಗಳಾಗಿಯೂ ವಿಂಗಡಿಸಬಹುದು. ಒಟ್ಟು 36. ಒಂದು ಮಹಾಪ್ರಬಂಧಕ್ಕೆ ಇಷ್ಟಾದರೂ ಬೇಕು.

ಮೊದಲನೆಯದು, ಪ್ರಮಾಣನಿಷ್ಠ ವಾದ. ಹ್ಯಾರಿ ಪಕ್ಷದ ಸಾಕ್ಷ್ಯ: ಮೂರನೆಯ ಪುಸ್ತಕದಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸಿ ಹಿಪೊಗ್ರಿಫ್ ಬೆನ್ನೇರಿ ಹಾರಿದವರು ಹ್ಯಾರಿ ಮತ್ತು ಹರ್ಮಾಯನಿ, ಆ ಹೊತ್ತಿನಲ್ಲಿ ರಾನ್ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ನಾಲ್ಕನೆಯದರ ಕೊನೆಯಲ್ಲಿ, ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ, ಹರ್ಮಾಯನಿ ಹ್ಯಾರಿಯ ಕೆನ್ನೆಗೆ ಮುತ್ತಿಟ್ಟಳು. ರಾನ್ ಪಕ್ಷದ ಪ್ರತಿಸಾಕ್ಷ್ಯ: ಅದೇ ಪುಸ್ತಕದಲ್ಲಿ ಯೂಲ್ ಬಾಲ್ ಎಂಬ ನೃತ್ಯಕೂಟದ ರಾತ್ರಿ ಅವಳು ಕಿರುಚಾಡಿದ್ದು ಯಾರ ಮೇಲೆ? ಮುತ್ತಿಗಿಂತ ಕಿರುಚಾಟ ಬಲವಾದ ಪ್ರಮಾಣವೆಂದು ಅವರು ಪಟ್ಟು ಹಿಡಿದರು. ಸಂಸಾರಸ್ಥರಾದ ಪ್ರಬಂಧಕಾರರಿಗೆ ಇದರಲ್ಲಿ ತಥ್ಯವಿದೆ ಅನ್ನಿಸಿದೆ.

ಎರಡನೆಯದು, ಕಾಲಚಕ್ರೀಯ ಅಭೇದವಾದ. ರಾನ್ ಮುಂದೊಂದು ದಿನ ಕಾಲದಲ್ಲಿ ಹಿಂದಕ್ಕೆ ಹೋಗಿ ಶಾಲೆಯ ಮುಖ್ಯಸ್ಥ ಡಂಬಲ್ಡೋರ್ ಆದ ಎಂಬ ಸಿದ್ಧಾಂತವಿದು. ಇಬ್ಬರೂ ಎತ್ತರ, ಇಬ್ಬರಿಗೂ ಉದ್ದ ಮೂಗು, ಯೌವನದ ಡಂಬಲ್ಡೋರ್‌ಗೆ ಕೆಂಗಂದು ಕೂದಲು. ಮೊದಲ ಪುಸ್ತಕದ ಚದುರಂಗದಲ್ಲಿ ರಾನ್ ಕುದುರೆಯಾಗಿ ನಿಂತದ್ದೇ ಇದರ ಬೀಜವೆಂದೂ, ಆ ಕುದುರೆ ಕೊನೆಗೆ ರಾಜನಾಗುವುದೆಂದೂ ಪುಟಗಟ್ಟಲೆ ವಾದ ಬೆಳೆಯಿತು. ಹಾಗಾದರೆ ಹರ್ಮಾಯನಿಯ ಗತಿ ಏನೆಂದು ಕೇಳಿದವರನ್ನು ಎರಡೂ ಹಡಗಿನವರು ಸೇರಿ ಗೇಲಿ ಮಾಡಿದರು.

ಮೂರನೆಯದು, ಪಾಠಾಂತರ ವಾದ. ಇಲ್ಲಿ ಸ್ವಲ್ಪ ನಿಲ್ಲಬೇಕು. 2005ರ ಜುಲೈ 16ರಂದು ಬಂದ ಆರನೆಯ ಪುಸ್ತಕದ ಕೊನೆಗೆ ಲಾಕೆಟ್ಟಿನೊಳಗೊಂದು ಚೀಟಿ ಸಿಗುತ್ತದೆ. ಸಹಿ: ಆರ್.ಎ.ಬಿ. ಯಾರಿದು? ಸಿರಿಯಸ್ ಬ್ಲ್ಯಾಕ್‌ನ ಸತ್ತ ತಮ್ಮ ರೆಗ್ಯುಲಸ್ ಇರಬೇಕೆಂದು ಕೆಲವರು ಊಹಿಸಿದರು. ಮಿಕ್ಕವರು ನಕ್ಕರು. ಆಗ ಅಭಿಮಾನಿಗಳು ಬೇರೆ ಬೇರೆ ಭಾಷೆಯ ಅನುವಾದಗಳನ್ನು ಎದುರಿಗಿಟ್ಟುಕೊಂಡು ಕೂತರು. ಡಚ್ ಪುಸ್ತಕದಲ್ಲಿ ಬ್ಲ್ಯಾಕ್ ಮನೆತನಕ್ಕೆ ಜ್ವಾರ್ಟ್ಸ್ ಎಂದು ಹೆಸರು, ಚೀಟಿಯ ಸಹಿ ಆರ್.ಎ.ಜೆಡ್. ನಾರ್ವೆಯದರಲ್ಲಿ ಮನೆತನ ಸ್ವಾರ್ಟ್, ಸಹಿ ಆರ್.ಎ.ಎಸ್. ವಾದ ಮುಗಿಯಿತು. 2007ರ ಜುಲೈ 21ರಂದು ಬಂದ ಕೊನೆಯ ಪುಸ್ತಕ ಅದನ್ನೇ ಖಾತ್ರಿ ಮಾಡಿತು.

ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಎಂ.ಎ. ತರಗತಿಗಳಲ್ಲಿ ಪಠ್ಯವಾಗಿಟ್ಟವರು ನಾವು. ಪ್ರತಿಗಳನ್ನು ಹೋಲಿಸುವುದು, ಭಿನ್ನಪಾಠದಿಂದ ಮೂಲವನ್ನು ಊಹಿಸುವುದು, ಎಲ್ಲ ಅದರಲ್ಲಿದೆ. ಅದನ್ನು ಪರೀಕ್ಷೆಗೆ ಉರು ಹೊಡೆದು ಪರೀಕ್ಷೆಯ ಮರುದಿನ ಮರೆತವರು ನಮ್ಮಲ್ಲಿ ಎಷ್ಟೋ. ಅತ್ತ ಹೈಸ್ಕೂಲು ಮಕ್ಕಳು, ಯಾರೂ ಅಂಕ ಕೊಡದಿದ್ದರೂ, ಮಾತಿನ ಗೆಲುವಿಗಾಗಿ ಅದೇ ಕೆಲಸ ಮಾಡಿದರು.

ಉಳಿದ ಆರು ವರ್ಗಗಳನ್ನು ಕೈಬಿಡಲಾಗಿದೆ. ನಾಲ್ಕನೆಯದು ಮೇಷ್ಟ್ರು ಸ್ನೇಪ್ ಒಳ್ಳೆಯವನೋ ಕೆಟ್ಟವನೋ ಎಂಬುದು. 2007ರಲ್ಲಿ ಅಮೆರಿಕದ ಬಾರ್ಡರ್ಸ್ ಪುಸ್ತಕದಂಗಡಿ ಎರಡೂ ಪಕ್ಷಕ್ಕೆ ಬೇರೆ ಬೇರೆ ಸ್ಟಿಕರ್ ಹಂಚಿ ಲಾಭ ಮಾಡಿಕೊಂಡ ಮೇಲೆ ಅದರಲ್ಲಿ ಸಂಶೋಧಿಸಲು ಏನೂ ಉಳಿದಿಲ್ಲ. ಐದನೆಯದರಿಂದ ಒಂಬತ್ತನೆಯದರವರೆಗಿನವು ವರ್ಗಗಳೇ ಅಲ್ಲ, ಪುಟ ತುಂಬಿಸಲು ಮಾಡಿಕೊಂಡ ಹಂಚಿಕೆ. 36 ಎಂದು ಬರೆದದ್ದನ್ನು ಓದುಗರು ಹೊಡೆದುಹಾಕಿಕೊಳ್ಳಬೇಕು.

ತಾತ್ವಿಕ ಚೌಕಟ್ಟು

ಪರಿಧಿಯ ಓದುಗರು ಕೇಂದ್ರದ ಪಠ್ಯವನ್ನು ಅಪಕೇಂದ್ರೀಕರಿಸುವ ಪ್ರಕ್ರಿಯೆಯಲ್ಲಿ ಪ್ರತಿರೋಧದ… ಬೇಡ. ಈ ಬಗೆಯ ಮಾತನ್ನು ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣಗಳಲ್ಲಿ ಕೂತು ಕೇಳಿದವರಿಗೆ ಗೊತ್ತು. ವೇದಿಕೆಯ ಮೇಲೆ ಶಾಲು, ಹಣ್ಣಿನ ಬುಟ್ಟಿ, ‘ಸಮಯದ ಅಭಾವದಿಂದ’ ಎಂದು ಶುರುವಾಗುವ ನಲವತ್ತು ನಿಮಿಷದ ಆಶಯ ಭಾಷಣ. ‘ಜನಪ್ರಿಯ ಸಂಸ್ಕೃತಿಯ ಓದುಗ ಪ್ರತಿಸ್ಪಂದನೆ’ ಎಂಬ ಗೋಷ್ಠಿ. ಪ್ರಬಂಧ ಮಂಡಿಸುವವರು ಫೂಕೋನ ಹೆಸರನ್ನು ನಾಲ್ಕು ಬಗೆಯಲ್ಲಿ ಉಚ್ಚರಿಸುತ್ತಾರೆ. ಚರ್ಚೆಗೆ ತಗೊಂಡ ಕಥೆಯನ್ನು ಓದಿದ್ದೀರಾ ಎಂದರೆ, ನನ್ನದು ಸೈದ್ಧಾಂತಿಕ ಅಧ್ಯಯನ ಎನ್ನುತ್ತಾರೆ. ಊಟದ ನಂತರ ಪ್ರಮಾಣಪತ್ರ. ಬಡ್ತಿಯ ಕಡತಕ್ಕೆ ಇನ್ನೊಂದು ಹಾಳೆ.

ಓದದೆಯೇ ಓದುಗರ ಬಗ್ಗೆ ಮಾತಾಡುವುದು! ಒಂದು ಮುತ್ತು, ಒಂದು ಕಿರುಚಾಟ, ಮೂರು ಅಕ್ಷರದ ಒಂದು ಸಹಿಗಾಗಿ ಏಳುನೂರು ಪುಟದ ಪುಸ್ತಕವನ್ನು ನಾಲ್ಕು ಸಲ ಓದಿದ ಹುಡುಗಿಯರನ್ನು ‘ಗ್ರಾಹಕ ಸಮುದಾಯ’ ಎಂದು ಕರೆದು ಕೈತೊಳೆದುಕೊಳ್ಳುವುದು! ಆ ಬರವಣಿಗೆಯಲ್ಲಿ ಹೆಚ್ಚಿನದು ಹೆಣ್ಣುಮಕ್ಕಳದು. ಕಾಲಹರಣವೆಂದು ಮನೆಯವರು ಅಂದದ್ದನ್ನೇ ವಿದ್ವಾಂಸರು ಇನ್ನೂ ಉದ್ದದ ಪದಗಳಲ್ಲಿ ಅಂದರು, ಅಷ್ಟೇ. ಹೆನ್ರಿ ಜೆಂಕಿನ್ಸ್‌ರಂಥವರು ಬೇರೆ. 1992ರ ತಮ್ಮ ‘ಟೆಕ್ಸ್ಚುವಲ್ ಪೋಚರ್ಸ್’ನಲ್ಲಿ ಅವರು ತಾವೂ ಅಭಿಮಾನಿಯೆಂದು ಹೇಳಿಕೊಂಡೇ ಬರೆದರು. ಅವರಿಂದ ಉಲ್ಲೇಖ ಎತ್ತಿಕೊಂಡವರಿಗೆ ಆ ಅಭಿಮಾನ ಮಾತ್ರ ಅಂಟಲಿಲ್ಲ.

ಜಗಳದ ಆನಂದ ಏನೆಂದು ತಾಳಮದ್ದಳೆ ಕೇಳಿದವರಿಗೆ ವಿವರಿಸಬೇಕಿಲ್ಲ. ‘ವಾಲಿಮೋಕ್ಷ’ದಲ್ಲಿ ವಾಲಿ ಸಾಯುತ್ತಾನೆಂದು ಚಾಪೆಯ ಮೇಲಿನ ಮಗುವಿಗೂ ಗೊತ್ತು. ಆದರೂ ಬಾಣ ತಿಂದ ವಾಲಿ ರಾಮನನ್ನು ಏನು ಕೇಳುತ್ತಾನೆ, ಅರ್ಥಧಾರಿ ರಾಮನನ್ನು ಎಲ್ಲಿ ಸಿಕ್ಕಿಸುತ್ತಾನೆ ಎಂದು ನಿದ್ದೆಗೆಟ್ಟು ಕೂರುತ್ತಾರೆ. ಮರುದಿನ ಹೋಟೆಲಿನಲ್ಲಿ ಎರಡು ಪಕ್ಷವಾಗಿ ವಾದ ಮುಂದುವರಿಸುತ್ತಾರೆ. ಪ್ರಸಂಗದ ಅಂತ್ಯ ಪ್ರಸಂಗಕರ್ತನ ಕೈಯಲ್ಲಿ, ವಾದ ಮಾತ್ರ ಕೇಳುವವರದು.

ಪ್ರಸಂಗಕರ್ತನೇ ವಾದದೊಳಗೆ ಬಂದರೆ?

2005ರಲ್ಲಿ ಅದೇ ಆಯಿತು. ಆರನೆಯ ಪುಸ್ತಕದ ಬಿಡುಗಡೆಯ ದಿನವೇ ಲೇಖಕಿ ರೌಲಿಂಗ್ ಎಡಿನ್‌ಬರಾದಲ್ಲಿ ಇಬ್ಬರು ಅಭಿಮಾನಿಗಳಿಗೆ ಸಂದರ್ಶನ ಕೊಟ್ಟರು: ‘ಲೀಕಿ ಕಾಲ್ಡ್ರನ್’ ತಾಣದ ಮೆಲಿಸ್ಸಾ ಅನೆಲ್ಲಿ, ಮತ್ತು ಹನ್ನೆರಡನೆಯ ವಯಸ್ಸಿಗೇ ‘ಮಗ್ಗಲ್‌ನೆಟ್’ ಶುರು ಮಾಡಿದ್ದ ಎಮರ್ಸನ್ ಸ್ಪಾರ್ಟ್ಜ್. ರಾನ್ ಜೋಡಿಯ ಬಗ್ಗೆ ತಾನು ಕಮ್ಮಾರನ ಅಡಿಗಲ್ಲಿನ ಗಾತ್ರದ ಸುಳಿವುಗಳನ್ನೇ ಬಿಟ್ಟಿದ್ದೆನೆಂದು ರೌಲಿಂಗ್ ಹೇಳಿದರು. ಇನ್ನೂ ಹ್ಯಾರಿ ಪಕ್ಷದಲ್ಲಿರುವವರು ಭ್ರಮೆಯಲ್ಲಿದ್ದಾರೆಂದು ಸ್ಪಾರ್ಟ್ಜ್ ನಗುತ್ತ ಅಂದ. ಆ ಪದ ತಾನು ಬಳಸುವುದಿಲ್ಲ, ಅವರೂ ತನಗೆ ಬೇಕಾದ ಓದುಗರೇ ಎಂದು ರೌಲಿಂಗ್ ಸಮಾಧಾನ ಹೇಳಿದರೂ ಬೆಂಕಿ ಹತ್ತಿಯಾಗಿತ್ತು. ಅಲ್ಲಿಯವರೆಗೆ ಪರಸ್ಪರ ನೂರು ಪದದ ಡ್ರಾಬಲ್ ಬರೆದು ಪಂಥ ಕಟ್ಟುತ್ತಿದ್ದವರ ಪೈಕಿ ಒಂದು ಪಕ್ಷಕ್ಕೆ ಕರ್ತೃವಿನ ಮುದ್ರೆ ಸಿಕ್ಕಿತು, ಇನ್ನೊಂದಕ್ಕೆ ಅವಮಾನ. ಗೇಲಿಗೆ ಸಮಬಲ ಬೇಕು. ಒಬ್ಬನ ಹಿಂದೆ ನ್ಯಾಯಾಧೀಶರು ನಿಂತಮೇಲೆ ಅವನು ಮಾಡುವ ಹಾಸ್ಯ ಕೇಳುವವನ ಕಿವಿಯಲ್ಲಿ ಹಾಸ್ಯವಾಗಿ ಉಳಿಯುವುದಿಲ್ಲ.

ತಮಾಷೆಯೆಂದರೆ 2014ರಲ್ಲಿ ನ್ಯಾಯಾಧೀಶರೇ ತೀರ್ಪು ಸಡಿಲಿಸಿದರು. ‘ವಂಡರ್‌ಲ್ಯಾಂಡ್’ ಪತ್ರಿಕೆಗಾಗಿ ತೆರೆಯ ಹರ್ಮಾಯನಿ ಎಮಾ ವಾಟ್ಸನ್ ಜೊತೆ ಮಾತಾಡುತ್ತ, ರಾನ್ ಜೋಡಿ ತನ್ನ ಸ್ವಂತ ಆಸೆಯ ಪೂರೈಕೆಯಾಗಿತ್ತು ಎಂಬರ್ಥದಲ್ಲಿ ರೌಲಿಂಗ್ ಒಪ್ಪಿಕೊಂಡರು. ಒಂಬತ್ತು ವರ್ಷ ತಡ.

ಅಷ್ಟರೊಳಗೆ ಜಗಳದ ಕಡತಗಳೇ ಕರಗತೊಡಗಿದ್ದವು. 2007ರ ಮೇ ಕೊನೆಯಲ್ಲಿ ಬ್ಲಾಗ್ ತಾಣ ಲೈವ್‌ಜರ್ನಲ್‌ನ ಕಂಪನಿ ನೂರಾರು ಖಾತೆಗಳನ್ನು ಒಮ್ಮೆಲೇ ಅಮಾನತು ಮಾಡಿತು. ಅವುಗಳಲ್ಲಿ ಹ್ಯಾರಿ ಪಾಟರ್ ಕಥೆಗಾರರ ಗುಂಪುಗಳೂ ಇದ್ದವು. ಗದ್ದಲವಾದ ಮೇಲೆ ಹಲವನ್ನು ಮರಳಿಸಿದರು. 2009ರ ಅಕ್ಟೋಬರಿನಲ್ಲಿ ಯಾಹೂ ತನ್ನ ಉಚಿತ ಜಾಲಪುಟಗಳ ತಾಣ ಜಿಯೋಸಿಟೀಸ್ ಅನ್ನು ಮುಚ್ಚಿತು. ಅಲ್ಲಿದ್ದ ಎಷ್ಟೋ ಹುಡುಗಿಯರ ಮೊದಲ ಕಥೆ, ಆ ಕಥೆಗೆ ಎದುರು ಪಕ್ಷದವಳು ಬರೆದ ಮೂರು ಪುಟದ ಕೀಟಲೆ, ಅದಕ್ಕೆ ಇವಳ ಮಾರುತ್ತರ ಎಲ್ಲ ಹೋಯಿತು. ಯಾವ ವಿಶ್ವವಿದ್ಯಾಲಯವೂ ಅದನ್ನು ಎತ್ತಿಡಲು ಓಡಿಬರಲಿಲ್ಲ. ‘ಡಿಜಿಟಲ್ ಮೌಖಿಕತೆ’ಯ ಬಗ್ಗೆ ಪ್ರಬಂಧ ಬರೆಯುವವರಿಗೆ ಆ ಮೌಖಿಕತೆ ಸಾಯುತ್ತಿರುವಾಗ ಪುರುಸೊತ್ತಿರಲಿಲ್ಲ. ಸಿಟ್ಟು ಬರುವುದು ಇದಕ್ಕೆ.

ಎತ್ತಿಟ್ಟವರು ಅದೇ ಜಗಳಗಂಟಿಯರು. 2007ರಲ್ಲಿ ಅಭಿಮಾನಿಗಳು ಸೇರಿ ಲಾಭರಹಿತ ಸಂಸ್ಥೆ ಕಟ್ಟಿದರು, 2009ರ ನವೆಂಬರಿನಲ್ಲಿ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಕಥಾಭಂಡಾರವನ್ನು ಎಲ್ಲರಿಗೂ ತೆರೆದರು. ಜಾಹೀರಾತಿಲ್ಲ, ದೇಣಿಗೆಯಿಂದ ನಡೆಯುತ್ತದೆ. ಮುಚ್ಚಿಹೋಗುವ ಹಳೆಯ ತಾಣಗಳ ಕಥೆಗಳನ್ನು ತಂದು ಜೋಡಿಸಲು ‘ಓಪನ್ ಡೋರ್ಸ್’ ಎಂಬ ಬೇರೆಯೇ ವಿಭಾಗವಿದೆ. 2008ರಿಂದ ಅದೇ ಸಂಸ್ಥೆ ವಿದ್ವತ್ ಪತ್ರಿಕೆಯೊಂದನ್ನೂ ಹೊರಡಿಸುತ್ತಿದೆ, ಮತ್ತು ಹೌದು, ಅದರಲ್ಲೂ ‘ಅಪಕೇಂದ್ರೀಕರಣ’ದಂಥ ಪದಗಳು ನುಸುಳಿವೆ. ಯಾರೂ ಪರಿಪೂರ್ಣರಲ್ಲ.

2019ರ ಆಗಸ್ಟಿನಲ್ಲಿ ಡಬ್ಲಿನ್‌ನಲ್ಲಿ ಈ ಭಂಡಾರಕ್ಕೆ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿ ಬಂತು. ಅದನ್ನು ಸ್ವೀಕರಿಸಿದ ಕಾದಂಬರಿಕಾರ್ತಿ ನವೋಮಿ ನೊವಿಕ್, ಸಭೆಯಲ್ಲಿ ಈ ಕೆಲಸಕ್ಕೆ ಕೈಜೋಡಿಸಿದವರೆಲ್ಲ ಎದ್ದು ನಿಲ್ಲಬೇಕೆಂದು ಕೇಳಿಕೊಂಡರು. ಆಗ ಭಂಡಾರದಲ್ಲಿದ್ದ ಕಥೆಗಳು 50 ಲಕ್ಷದ ಆಸುಪಾಸು. ಮರುದಿನದಿಂದ ಅಭಿಮಾನಿಗಳು ತಾವು ಹ್ಯೂಗೋ ವಿಜೇತರೆಂದು, ಪಾಲಿನಲ್ಲಿ ತಮ್ಮದು ಇಷ್ಟು ಲಕ್ಷದಲ್ಲೊಂದು ಭಾಗವೆಂದು ಬರೆದುಕೊಳ್ಳತೊಡಗಿದರು. ಹ್ಯೂಗೋದ ಹೊಣೆ ಹೊತ್ತ ಸಂಸ್ಥೆ ಮುಖ ಗಂಟಿಕ್ಕಿ, ಪ್ರಶಸ್ತಿ ಭಂಡಾರಕ್ಕೆ ಬಂದದ್ದೇ ಹೊರತು ಬಿಡಿ ಕಥೆಗಾರರಿಗಲ್ಲ ಎಂದು ತಿಳಿಹೇಳಿತು. ತಮಾಷೆಗೆ ತಿಳಿವಳಿಕೆ ಪತ್ರ ಬಂದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ, ತಮಾಷೆ ಇಮ್ಮಡಿಯಾಯಿತು. ಆ 50 ಲಕ್ಷದಲ್ಲಿ ಪಂಪ್‌ಕಿನ್ ಪೈ ಪಕ್ಷದ ಪಾಲೆಷ್ಟು, ರಾನ್ ಪಕ್ಷದ ಪಾಲೆಷ್ಟು ಎಂದು ಹಂಚಲು ಕೂತರೆ ಇನ್ನೂ ಕೆಲವು ವರ್ಷಕ್ಕೆ ಸಾಕಾಗುವಷ್ಟು ಜಗಳ ಸಿಗುತ್ತದೆಂಬುದು ಪ್ರಬಂಧಕಾರರ ಅಂದಾಜು.