ಕಣಕಟ್ಟೆ ಸೀಮೆಯ ಸಿಂಫನಿ ಋತು: ಒಂದು ಸಂಶೋಧನಾ ಪ್ರಕಟಣೆ

ಪಾಶ್ಚಾತ್ಯ ಸಂಗೀತದ ಚರಿತ್ರೆಕಾರರು ಸಿಂಫನಿಯನ್ನು ಹುಡುಕಿಕೊಂಡು ವಿಯೆನ್ನಾ, ಲೈಪ್‌ಜಿಗ್, ಬರ್ಲಿನ್ ಎಲ್ಲ ಸುತ್ತಿದರು. ಅರಸೀಕೆರೆ ಜಂಕ್ಷನ್ನಿನಲ್ಲಿ ಮಾತ್ರ ಇಳಿಯಲಿಲ್ಲ. ಈ ಲೋಪವನ್ನು ಸರಿಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕಣಕಟ್ಟೆ ಹೋಬಳಿಯಿಂದ ಹಿಡಿದು ಅರಸೀಕೆರೆ, ಬೇಲೂರು-ಹಳೇಬೀಡುಗಳವರೆಗೆ ಹಬ್ಬಿದ ಪ್ರಾಂತೀಯ ವಾದ್ಯವೃಂದವೊಂದು ಇದೆ, ಅದಕ್ಕೊಂದು ಋತುವಿದೆ, ಆ ಋತು ಇದೋ ಬರುತ್ತಿದೆ ಎಂಬುದು ನಮ್ಮ ಸಿದ್ಧಾಂತ. ವೃಂದದ ಸದಸ್ಯರಿಗೆ ತಾವು ಸದಸ್ಯರೆಂಬುದು ಇನ್ನೂ ತಿಳಿದಿಲ್ಲ. ಅದರಿಂದ ವಾದಕ್ಕೇನೂ ಕುಂದಿಲ್ಲ. ಬೇಲೂರು-ಹಳೇಬೀಡಿನ ಗುಡಿಗಳಿಗೂ ತಾವು ವಿಶ್ವ ಪರಂಪರೆಯೆಂಬುದು 2023ರವರೆಗೆ ತಿಳಿದಿರಲಿಲ್ಲ.

ಮೊದಲು ಪೂರ್ವಪಕ್ಷ. 'ಸಿಂಫನಿಗೂ ಈ ಸೀಮೆಗೂ ಎತ್ತಣಿಂದೆತ್ತ ಸಂಬಂಧ?' ಎನ್ನುವವರಿದ್ದಾರೆ. ಅವರ ಬಾಯಿ ಮುಚ್ಚಿಸಲು ಎರಡು ಸಾಕ್ಷ್ಯ ಸಾಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಲಸ ಶುರುವಾದದ್ದು ಸುಮಾರು 1121ರಲ್ಲಿ. ಗರ್ಭಗುಡಿ ಎರಡು, ಶಿಖರ ಇಲ್ಲ. ಶೂಬರ್ಟ್ ತನ್ನ 'ಅಪೂರ್ಣ' ಸಿಂಫನಿಗೆ ಕೈಹಾಕಿದ್ದು 1822ರಲ್ಲಿ. ಪೂರ್ತಿಯಾದ ಭಾಗ ಎರಡು, ಮುಂದಿನದು ಇಲ್ಲ. ಎರಡಕ್ಕೆ ಎರಡು ಸಮ, ಇಲ್ಲಕ್ಕೆ ಇಲ್ಲ ಸಮ. ನಡುವೆ ಏಳುನೂರು ವರ್ಷದ ಅಂತರವಿರುವಾಗ ಯಾರು ಯಾರಿಂದ ಎತ್ತಿದರೆಂದು ಬಿಡಿಸಿ ಹೇಳಬೇಕಿಲ್ಲ. ದೇವಾಲಯದ ಗೋಡೆಯ ಮೇಲೆ ಮದ್ದಳೆ, ತಾಳ, ಕೊಳಲು ಹಿಡಿದ ಕಲಾವಿದರೂ ಸಿದ್ಧರಾಗಿ ನಿಂತಿದ್ದಾರೆ. ಒಂಬೈನೂರು ವರ್ಷದಿಂದ ಕಾರ್ಯಕ್ರಮ ಶುರುವಾಗಿಲ್ಲ, ನಿಜ. ಮುಖ್ಯ ಅತಿಥಿಗಳು ಇನ್ನೂ ಬಂದಿಲ್ಲವೆಂದು ನನ್ನ ಊಹೆ.

ಎರಡನೆಯ ಸಾಕ್ಷ್ಯ ಹಣಕಾಸಿನದು, ಆದ್ದರಿಂದ ಇನ್ನೂ ಗಟ್ಟಿ. ಮೈಸೂರಿನ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದರು. ರಷ್ಯಾ ಬಿಟ್ಟು ಲಂಡನ್ ಸೇರಿದ್ದ ಮೆಟ್ನರ್‌ನ ಕೃತಿಗಳನ್ನು ಧ್ವನಿಮುದ್ರಿಸಲು ದುಡ್ಡು ಕೊಟ್ಟರು. ಅವನು ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ರಿಚರ್ಡ್ ಸ್ಟ್ರೌಸ್‌ನ 'ಕಡೆಯ ನಾಲ್ಕು ಹಾಡುಗಳು' 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದಾಗ ಹಿಂದೆ ನಿಂತಿದ್ದ 4,800 ಡಾಲರಿನ ಖಾತರಿ ಮಹಾರಾಜರದು. ಅವರ ಬೊಕ್ಕಸ ತುಂಬಿದ್ದು ಜಿಲ್ಲೆಗಳ ಕಂದಾಯದಿಂದ. ಜಿಲ್ಲೆಗಳಲ್ಲಿ ಹಾಸನ, ಹಾಸನದಲ್ಲಿ ಅರಸೀಕೆರೆ ತಾಲ್ಲೂಕು, ತಾಲ್ಲೂಕಿನಲ್ಲಿ ಕಣಕಟ್ಟೆ ಹೋಬಳಿ, ಹೋಬಳಿಯಲ್ಲಿ ತೆಂಗಿನ ತೋಟ. ಅಂದಮೇಲೆ ಆ ನಾಲ್ಕು ಹಾಡುಗಳಲ್ಲಿ ಕನಿಷ್ಠ ಅರ್ಧ ಸಾಲಾದರೂ ನಮ್ಮ ಕೊಬ್ಬರಿಯ ದುಡ್ಡಿನದು. ಯಾವ ಅರ್ಧವೆಂಬುದನ್ನು ಲಂಡನ್ನಿನವರೇ ಗುರುತಿಸಿ ತಿಳಿಸತಕ್ಕದ್ದು.

ಇನ್ನು ವೃಂದದ ರಚನೆ. ತಂತಿವಾದ್ಯಗಳ ವಿಭಾಗ ಖಾಲಿ. ಊರಿನ ತಂತಿಯೆಲ್ಲ ತೋಟದ ಬೇಲಿಗೆ ಹೋಗಿದೆ. ಊದುವುದಕ್ಕೆ ನಾದಸ್ವರ. ಬಡಿಯುವುದಕ್ಕೆ ಡೋಲು, ತಮಟೆ, ಅರೆ, ನಗಾರಿ, ಡೊಳ್ಳು, ಚಿಟ್ಟಿಮೇಳ. ಯುರೋಪಿನಲ್ಲಿ ಹಿಂದಿನ ಸಾಲಿನ ಮೂಲೆಯಲ್ಲಿ ಕೂತು ಸರದಿಗೆ ಕಾಯುವ ಈ ವರ್ಗ ಇಲ್ಲಿ ದೇವರಿಗಿಂತಲೂ ಮುಂದೆ ನಡೆಯುತ್ತದೆ. ಅಲ್ಲಿ ಕಚೇರಿಗೆ ಮುಂಚೆ ಓಬೋ ಒಂದು ಸ್ವರ ಹಿಡಿಯುತ್ತದೆ, ಮಿಕ್ಕವರು ಅದಕ್ಕೆ ಶ್ರುತಿ ಕೂಡಿಸಿಕೊಳ್ಳುತ್ತಾರೆ. ನಮ್ಮ ನಾದಸ್ವರವೂ ಓಬೋದ ಹಾಗೆ ಜೋಡಿ ಪೀಪಿಯ ವಾದ್ಯ, ಒಂದೇ ಕುಲ. ಆದರೂ ಇಲ್ಲಿ ತಮಟೆಗೆ ಶ್ರುತಿ ಕೊಡುವುದು ನಾದಸ್ವರವಲ್ಲ, ಬೆಂಕಿ. ಒಣಗಿದ ತೆಂಗಿನ ಗರಿಗೆ ಕಡ್ಡಿ ಗೀರಿ, ತಮಟೆಯನ್ನು ಕಾವಿಗೆ ಹಿಡಿದು, ಬೆರಳಲ್ಲಿ ತಟ್ಟಿ ನೋಡುತ್ತಾರೆ. ಚರ್ಮ ಬಿಗಿದು 'ಣಣ್' ಎಂದರೆ ಸರಿ. 'ದಪ್' ಎಂದರೆ ಇನ್ನೊಂದು ಗರಿ. ಹೀಗಾಗಿ ಈ ವೃಂದದ ಶ್ರುತಿ ಆಯಾ ವರ್ಷದ ಮಳೆಗೆ, ಥಂಡಿಗೆ, ಸೌದೆಗೆ ಬಿಟ್ಟದ್ದು. ಈಚೆಗೆ ಫೈಬರ್ ತಮಟೆ ಬಂದು ಬೆಂಕಿಯ ಗೊಡವೆ ತಪ್ಪಿದೆ. ಅನುಕೂಲವೇನೋ ಹೌದು, ಆ ಸದ್ದು ಮಾತ್ರ ನನಗೆ ಸೇರದು. ಇದು ಸಂಶೋಧನೆಯಲ್ಲ, ಜಗಳ.

ಎಲ್ಲಕ್ಕಿಂತ ಜಟಿಲವಾದದ್ದು ನಿರ್ದೇಶಕನ ಪ್ರಶ್ನೆ. ಈ ವೃಂದಕ್ಕೆ ನಿರ್ದೇಶಕನೇ ಇಲ್ಲವೆಂಬ ತಪ್ಪು ಗ್ರಹಿಕೆ ಇದೆ. ಛತ್ರಕ್ಕೆ ಹೋಗಿ ನೋಡಿ. ಓಲಗದವರು ಯಾರೂ ಕಿವಿಗೊಡದ ಒಂದು ಕೀರ್ತನೆಯನ್ನು ತಮ್ಮ ಪಾಡಿಗೆ ನುಡಿಸುತ್ತಿರುತ್ತಾರೆ. ಪುರೋಹಿತರು ಗಡಿಯಾರ ನೋಡಿ, ತೋರುಬೆರಳೆತ್ತಿ ಅಲ್ಲಾಡಿಸಿ, 'ಗಟ್ಟಿಮೇಳ, ಗಟ್ಟಿಮೇಳ' ಎನ್ನುತ್ತಾರೆ. ಕೀರ್ತನೆ ಇದ್ದಲ್ಲೇ ತುಂಡಾಗಿ ಡೋಲು ಸಿಡಿಯುತ್ತದೆ. ಸ್ಟ್ರೌಸ್‌ನ ಆ ಹಾಡುಗಳನ್ನು ಅಂದು ನಡೆಸಿಕೊಟ್ಟ ಫುರ್ಟ್‌ವೆಂಗ್ಲರ್‌ನ ಕೋಲು ಯಾವಾಗ ಇಳಿಯುತ್ತದೆಂದು ವಾದಕರಿಗೇ ಅಂದಾಜು ಸಿಗುತ್ತಿರಲಿಲ್ಲವಂತೆ. ನಮ್ಮ ಪುರೋಹಿತರ ಬೆರಳಿನಲ್ಲಿ ಅಂಥ ಸಂದಿಗ್ಧವಿಲ್ಲ. ಗಟ್ಟಿಮೇಳ ಏಕೆಂದರೆ, ತಾಳಿ ಕಟ್ಟುವ ಹೊತ್ತಿಗೆ ಯಾರಾದರೂ ಸೀನಿದ್ದು, ಮಗು ಅತ್ತದ್ದು, ಅಪಶಕುನದ ಮಾತಾಡಿದ್ದು ಕಿವಿಗೆ ಬೀಳಬಾರದು. ಯುರೋಪಿನ ಸಭಾಂಗಣದಲ್ಲಿ ಸಂಗೀತ ಕೇಳಲೆಂದು ಜನ ಕೆಮ್ಮು ತಡೆದುಕೊಳ್ಳುತ್ತಾರೆ. ಇಲ್ಲಿ ಸೀನು ಕೇಳದಿರಲೆಂದು ಸಂಗೀತ. ನೆಗಡಿಯಾದವರ ಕಡೆಯಿಂದ ನೋಡಿದರೆ ಯಾವುದು ಉದಾರವಾದ ಕಲೆಯೆಂಬುದರಲ್ಲಿ ಅನುಮಾನವಿಲ್ಲ.

2006ರಲ್ಲಿ ಹುಟ್ಟಿದ ಮುಂಬಯಿಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾಕ್ಕೆ ವರ್ಷಕ್ಕೆ ಎರಡೇ ಋತು, ಮುಂಗಾರು ಹಿಂಗಾರಿನ ಬೆಳೆಯಂತೆ. ನಮ್ಮದು ಯುಗಾದಿಯಿಂದ ಯುಗಾದಿಗೆ. ಚೈತ್ರದಲ್ಲಿ ಬೇಲೂರು ಚೆನ್ನಕೇಶವನ ತೇರು. ಆಷಾಢದಲ್ಲಿ ಮದುವೆಗಳಿಲ್ಲದೆ ಕಲಾವಿದರು ಬಿಡುವಾಗಿರುತ್ತಾರೆಂದೇ ಏನೋ, ಮಾಲೇಕಲ್ಲು ತಿರುಪತಿಯ ತೇರು. ಶ್ರಾವಣದಲ್ಲಿ ಭಜನೆ. ಧನುರ್ಮಾಸದ ಬೆಳಗಿನ ಜಾವ ಗುಡಿಯ ಮೈಕು. ಇದಕ್ಕೆ ಟಿಕೆಟ್ಟಿಲ್ಲ, ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಮಾಘ ಕಳೆದರೆ ಜಾತ್ರೆ, ಮದುವೆ ಒಂದರ ಮೇಲೊಂದು ಬಂದು ಒಂದೇ ಮೇಳವನ್ನು ಎರಡು ಊರಿನವರು ಒಂದೇ ಮುಹೂರ್ತಕ್ಕೆ ಗೊತ್ತುಮಾಡಿರುವುದು ಬೆಳಕಿಗೆ ಬರುತ್ತದೆ.

ಋತುವಿನ ಕಳಶ ಮಾತ್ರ ಭಾದ್ರಪದದ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ. ತೊಂಬತ್ತು ಜನರ ಕೆಲಸವನ್ನು ಒಂದು ಕೀಬೋರ್ಡು ಮಾಡುವುದರಿಂದ ಊಟದ ಖರ್ಚು ಕಡಿಮೆ. ಇದರ ಅಂತಿಮ ಭಾಗವನ್ನು ಹೇಡನ್ ಮೊದಲೇ ಬರೆದಿಟ್ಟಿದ್ದಾನೆ. 1772ರ ಅವನ 'ಬೀಳ್ಕೊಡುಗೆ' ಸಿಂಫನಿಯ ಕೊನೆಯಲ್ಲಿ ವಾದಕರು ಒಬ್ಬೊಬ್ಬರೇ ಮೇಣದ ಬತ್ತಿ ಆರಿಸಿ ಎದ್ದು ಹೋಗುತ್ತಾರೆ, ಮನೆಗೆ ಕಳಿಸದ ದೊರೆಗೆ ಅರ್ಥವಾಗಲೆಂದು. ಅದರ ಸಂಖ್ಯೆ 45. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 2000ದ ಶಬ್ದಮಾಲಿನ್ಯ ನಿಯಮಗಳು ಒಪ್ಪುವ ಮಿತಿ 45 ಡೆಸಿಬೆಲ್. ಇದು ಕಾಕತಾಳೀಯ ಎನ್ನುವವರು ಸಂಶೋಧನೆಗೆ ನಾಲಾಯಕ್ಕು. ಹತ್ತು ಹೊಡೆಯುವಾಗ ಪೊಲೀಸಿನವರು ಬಂದು ಪೆಂಡಾಲಿನ ಬಾಯಲ್ಲಿ ನಿಲ್ಲುತ್ತಾರೆ. ಸೀರಿಯಲ್ ಸೆಟ್ಟು ಆರುತ್ತದೆ. ರಿದಂ ಪ್ಯಾಡಿನವರು ವಯರು ಸುತ್ತುತ್ತಾರೆ. ಕೀಬೋರ್ಡು ಚೀಲ ಸೇರುತ್ತದೆ, ಗಾಯಕಿ ಸ್ವೆಟರ್ ಹಾಕಿಕೊಂಡು ವ್ಯಾನು ಹತ್ತುತ್ತಾರೆ. ಹೇಡನ್‌ನಲ್ಲಿ ಕೊನೆಗುಳಿಯುವುದು ಎರಡು ಪಿಟೀಲು. ಇಲ್ಲಿ ಉಳಿಯುವವರು ಸಮಿತಿಯ ಕಾರ್ಯದರ್ಶಿ, ಕೈಯಲ್ಲಿ ದಾನಿಗಳ ಪಟ್ಟಿ. ಮೈಕು ಕಿತ್ತರೂ ಅವರು ಬಾಯಲ್ಲೇ ಓದುತ್ತಾರೆ, ಮೂರು ಬೀದಿಗೆ ಕೇಳುವಷ್ಟು. ಪೊಲೀಸಿನವರು ತಡೆಯುವುದಿಲ್ಲ. ಎರಡನೇ ಪುಟದಲ್ಲಿ ಅವರ ಹೆಸರೂ ಇದೆ. ಅದು ಬರಲಿ ಎಂದು ನಿಂತಿದ್ದಾರೆ.