ವಿಚಾರಿಸಾನ ತಡಿ

ನಮ್ಮ ಭಾವ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತುವುದು ಕಂಡರೆ ಕೆಲಸದ ಹುಡುಗರು ಒಬ್ಬೊಬ್ಬರೇ ಹಿಂದಿನ ಗೋಡೌನಿಗೆ ಸರಿಯುತ್ತಾರೆ. ಮಾಲೀಕನಿಗೆ ಆ ಭಾಗ್ಯವಿಲ್ಲ, ಗಲ್ಲಾಪೆಟ್ಟಿಗೆ ಬಿಟ್ಟು ಏಳುವಂತಿಲ್ಲ. ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲು, ಕಂಕುಳಲ್ಲಿ ಸುತ್ತಿಟ್ಟ ಯೂರಿಯಾ ಚೀಲ. ಚೀಲದೊಳಗೆ ಏನಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಕೆ.ಆರ್. ನಗರದಲ್ಲಿ ಒಬ್ಬರಿದ್ದಾರೆ, ಯಾರ ಬೋರಿಗೆ ಮೋಟಾರು ತರಬೇಕಾದರೂ ಅವರ ಮನೆ ಮುಂದೆ ಹಾದೇ ಹೋಗಬೇಕು. ಎಚ್.ಡಿ. ಕೋಟೆ ಕಡೆ ಇನ್ನೊಬ್ಬರು ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಬರುವುದರೊಳಗೆ ಬಾಗಿಲ ಚೌಕಟ್ಟು ಬಡಿದು, ಹೊನ್ನೆಯೋ ಮತ್ತಿಯೋ ತೀರ್ಮಾನಿಸಿರುತ್ತಾರೆ. ಇವರಾರೂ ಕೊಳ್ಳುವವರಲ್ಲ, ವಿಚಾರಿಸುವವರು. ಸ್ವಂತ ದುಡ್ಡು ಇವರ ಜೇಬಿನಿಂದ ಹೊರಡುವುದಿಲ್ಲ ಎಂಬುದು ದೊಡ್ಡ ಮಾತಲ್ಲ. ನಮ್ಮ ದುಡ್ಡು ನಮ್ಮ ಜೇಬಿನಿಂದ ಹೊರಡದ ಹಾಗೆ ನೋಡಿಕೊಳ್ಳುತ್ತಾರಲ್ಲ, ಅದು ಪ್ರತಿಭೆ.

ನನ್ನದು ಹುಣಸೂರಿನ ಕಲ್ಕುಣಿಕೆಯಲ್ಲಿ ಒಂದು ಸಣ್ಣ ಗ್ರಿಲ್ ಅಂಗಡಿ. ಕಿಟಕಿ, ಗೇಟು, ಮಳೆಗಾಲ ಹಿಡಿಯುವ ಮೊದಲು ಹೊಗೆಸೊಪ್ಪಿನ ಬ್ಯಾರನ್ನುಗಳ ಒಲೆಬಾಗಿಲು, ಜಾಲರಿ. ಆಷಾಢದ ಮೊದಲ ವಾರ, ಏಳು ಬ್ಯಾರನ್ನಿನ ಕೆಲಸ ಒಪ್ಪಿಕೊಂಡು ಕೂತಿದ್ದಾಗ, ಹದಿನಾಲ್ಕಿಂಚಿನ ಕಟಿಂಗ್ ಮಿಷನ್ನು ಒಮ್ಮೆ ಗೊರಕೆ ಹೊಡೆದು, ಸುಟ್ಟ ವಾರ್ನಿಷ್ ವಾಸನೆ ಬಿಟ್ಟು ಸುಮ್ಮನಾಯಿತು. ಆರ್ಮೇಚರ್ ಹೋಗಿತ್ತು. ಆಗ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಭಾವನಿಗೆ ಫೋನು ಮಾಡಿದವನು ನಾನೇ. "ಬೇಡ ಕಣ್ರೀ" ಎಂದು ನನ್ನ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. ಅಷ್ಟರಲ್ಲಿ ಆ ಕಡೆಯಿಂದ ಪಿರಿಯಾಪಟ್ಟಣದ ದನಿ ಬಂದಾಗಿತ್ತು: "ದುಡುಕ್‌ಬ್ಯಾಡ ಕಣಯ್ಯ. ವಿಚಾರಿಸಾನ ತಡಿ."

ಅಕ್ಕನನ್ನು ಕೊಟ್ಟ ಮನೆ. ಅಲ್ಲಿಂದ ಬಂದ ಮಾತಿಗೆ ಎದುರಾಡಿ ಗೊತ್ತಿಲ್ಲ. ತಡೆದೆ. ಮೂರು ತಿಂಗಳು ತಡೆದೆ.

ಈಗ ಚೀಲದ ವಿಷಯ. ಅದರೊಳಗೆ ಮೂರಡಿ ಉದ್ದದ, ಒಂದೂವರೆ ಇಂಚಿನ ಎಂ.ಎಸ್. ಆಂಗಲ್. ಅದು ನನ್ನ ಅಂಗಡಿಯದೇ, ಎತ್ತಿಕೊಳ್ಳುವಾಗ ಕೇಳಲಿಲ್ಲ. ಭಾವನ ಸಿದ್ಧಾಂತ ಏನೆಂದರೆ, ಮಿಷನ್ನಿನ ಪೆಟ್ಟಿಗೆ ಮೇಲೆ ಬರೆದಿದ್ದನ್ನು ಓದಿ ಕೊಳ್ಳುವವನು ಜಾತಕ ನೋಡಿ ಎತ್ತು ಕೊಂಡ ಹಾಗೆ. ಉಳುಮೆ ಮಾಡಿಸಿ ನೋಡಬೇಕು. ಹಾಗಾಗಿ ಹೋದ ಹೋದ ಅಂಗಡಿಯಲ್ಲೆಲ್ಲ ಚೀಲ ಬಿಚ್ಚಿ, ಆಂಗಲ್ ಹೊರತೆಗೆದು, "ಇದನ್ನೊಂಚೂರು ಕುಯ್ದು ತೋರ್ಸಿ ಸ್ವಾಮಿ" ಎನ್ನುತ್ತಿದ್ದರು.

ಕೆ.ಆರ್. ನಗರದ ಒಂದು ಅಂಗಡಿಯಲ್ಲಿ ನಡೆದದ್ದನ್ನು ಹೇಳಿದರೆ ಸಾಕು, ಉಳಿದವು ಅದರ ನಕಲು. ಮಾಲೀಕರು ಒಳ್ಳೆಯ ಮನುಷ್ಯ, ಕಾಫಿ ತರಿಸಿದರು. ಭಾವ ಮೊದಲು ಮಿಷನ್ನಿನ ಹಿಡಿ ಒತ್ತಿ ಬಿಟ್ಟರು, ಒತ್ತಿ ಬಿಟ್ಟರು, ಸ್ಪ್ರಿಂಗಿನ ನಾಡಿ ನೋಡುವ ಪಂಡಿತರ ಹಾಗೆ. ಆಮೇಲೆ ವೈಸಿನಲ್ಲಿ ಆಂಗಲ್ ಬಿಗಿಸಿ ಅಲ್ಲಾಡಿಸಿದರು. "ಲೂಜು" ಎಂದರು. ಕೆಳಗಿನ ತಟ್ಟೆಯನ್ನು ಉಗುರಿನಿಂದ ತಟ್ಟಿ, ಎರಕವೋ ತಗಡೋ ಕೇಳಿದರು. ಕಾರ್ಬನ್ ಬ್ರಷ್ ಇಲ್ಲೇ ಸಿಗುತ್ತದೆಯೋ, ಮೈಸೂರಿಗೆ ಓಡಬೇಕೋ? ಆರ್ಮೇಚರ್ ಹೋದರೆ ಬೆಂಗಳೂರಿಂದ ಎಷ್ಟು ದಿನಕ್ಕೆ ಬರುತ್ತದೆ? ವೈರು ಇಷ್ಟು ಗಿಡ್ಡ ಯಾಕೆ? ಇವೆಲ್ಲ ಸರಿಯಾದ ಪ್ರಶ್ನೆಗಳು ಎಂಬುದೇ ನನ್ನ ಸಂಕಟ. ತಪ್ಪು ಕೇಳಿದ್ದರೆ ಕೈಹಿಡಿದು ಎಳೆದುಕೊಂಡು ಬರಬಹುದಿತ್ತು.

ಮಾಲೀಕರು ಹದಿನಾರು ಆಂಪಿಯರ್ ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತಿದರು. ಅಂಗಡಿಯ ದೀಪ ಒಂದು ಕ್ಷಣ ಮಂಕಾಯಿತು. ಚಕ್ರ ಕಬ್ಬಿಣಕ್ಕೆ ತಾಗಿದ್ದೇ ತಡ, ದೀಪಾವಳಿಯ ಹೂಕುಂಡವನ್ನು ಮಲಗಿಸಿ ಹಚ್ಚಿದ ಹಾಗೆ ಕಿಡಿ ಹಿಂದಕ್ಕೆ ಚಿಮ್ಮಿ ಪ್ಲಾಸ್ಟಿಕ್ ಬಕೆಟ್ಟುಗಳ ಗೋಪುರಕ್ಕೆ ಬಡಿಯಿತು. ಭಾವ ಕಣ್ಣು ಮುಚ್ಚಿ ಎಣಿಸುತ್ತಿದ್ದರು. ಸೆಕೆಂಡುಗಳನ್ನು. ಅದೂ ಕಣದಲ್ಲಿ ರಾಗಿ ಅಳೆಯುವವರ ಹಾಗೆ: "ಲಾಭ... ಎರಡು... ಮೂರು..." ಹನ್ನೊಂದಕ್ಕೆ ತುಂಡು ಬಿತ್ತು. ಬಿದ್ದ ತುಂಡನ್ನು ತಕ್ಷಣ ಕೈಗೆತ್ತಿಕೊಂಡು, ಅಷ್ಟೇ ತಕ್ಷಣ ಎಸೆದು, ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು, ಮಾಲೀಕರ ಕಡೆ ತಿರುಗಿ ಆಕ್ಷೇಪಣೆ ಸಲ್ಲಿಸಿದರು: "ಬಿಸಿ ಆಯ್ತದೆ."

ಆರಿದ ಮೇಲೆ ಕೊಯ್ದ ಬಾಯಿಯನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ನವಿಲುಕತ್ತಿನ ನೀಲಿ. ಮೂಲೆಮಟ್ಟ ಇಟ್ಟು ಒಂದು ಕಣ್ಣು ಮುಚ್ಚಿದರು. ಕೂದಲೆಳೆಯಷ್ಟು ಓರೆ. ಮಾಲೀಕರು ಬಕೆಟ್ಟಿನ ತೂತು ಎಣಿಸುತ್ತ, "ಯಜಮಾನ್ರೇ, ಪ್ಯಾಕ್ ಮಾಡಿಸ್ಲಾ?" ಎಂದು ಕೇಳಿದರು. ಭಾವ ಆಂಗಲನ್ನು ಚೀಲಕ್ಕೆ ಸುತ್ತಿಕೊಂಡು, ಬಿದ್ದ ತುಂಡನ್ನೂ ಜೇಬಿಗೆ ಹಾಕಿಕೊಂಡು, ಕಾಫಿ ಚೆನ್ನಾಗಿತ್ತು ಎಂದರು.

ಬಣ್ಣದ ವಿಷಯದಲ್ಲೂ ಅವರಿಗೆ ಅಭಿಮಾನವಿತ್ತು. ನೀಲಿ ಮಿಷನ್ನು ನಮ್ಮದು ಎಂಬ ಲೆಕ್ಕ, ಯಾಕೆಂದರೆ ಬಾಷ್ ಎಂದರೆ ನಮ್ಮ ಆಡುಗೋಡಿಯ ಮೈಕೋ. 2008ರಲ್ಲಿ ಹೆಸರು ಬದಲಾದದ್ದನ್ನು ಅವರು ಒಪ್ಪಿಯೇ ಇಲ್ಲ, ಈಗಲೂ ಮೈಕೋ ಎಂದೇ ಕರೆಯುವುದು. ಹಸಿರುನೀಲಿಯ ಮಕಿತಾ ಜಪಾನಿನದು, ಅವರು ಗಡಿಯಾರ ಮಾಡುವ ಜನ, ಮೋಸವಿರದು. ಹಾಗಾದರೆ ಮಕಿತಾ ಕೊಳ್ಳೋಣವೇ? ತಡಿ.

ಆದರೆ ಚಕ್ರದ ವಿಷಯ ಬಂದಾಗ ನಾನು ಬಾಯಿ ಮುಚ್ಚಿಕೊಂಡು ಕೇಳಿದ್ದೇನೆ. ಹದಿನಾಲ್ಕಿಂಚು ಎಂದರೆ 355 ಮಿಲಿಮೀಟರ್, ನಡುವಿನ ತೂತು 25.4. ಮಿಷನ್ನು ನಿಮಿಷಕ್ಕೆ 3800 ಸುತ್ತು ತಿರುಗಿದರೆ ಚಕ್ರದ ಮೇಲೆ ಬರೆದ ಸುತ್ತು ಅದಕ್ಕಿಂತ ಹೆಚ್ಚೇ ಇರಬೇಕು, ಕಡಿಮೆ ಇರಲೇಬಾರದು. ಅಂಚಿನ ವೇಗಕ್ಕೆ ಸೆಕೆಂಡಿಗೆ 80 ಮೀಟರ್ ಮಿತಿ ಎಂದು ಚಕ್ರದ ಮೇಲಿರುತ್ತದೆ. ಭಾವ ಅದನ್ನು ಕಾಫಿ ಬಿಲ್ಲಿನ ಹಿಂದೆ ಗುಣಿಸಿ, "ಗಂಟೆಗೆ 288 ಕಿಲೋಮೀಟರ್ ಕಣಯ್ಯ! ನಮ್ಮ ಮೈಸೂರು ಬಸ್ಸು ಈ ಸ್ಪೀಡಲ್ಲಿ ಹೋದ್ರೆ ಹತ್ತು ನಿಮಿಷಕ್ಕೆ ಹುಣಸೂರು" ಎಂದರು. ಆ ವೇಗದಲ್ಲಿ ಚಕ್ರ ಒಡೆದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ. ನನ್ನ ಹಳೆ ಮಿಷನ್ನಿನ ಗಾರ್ಡು ಬಿಚ್ಚಿಟ್ಟಿದ್ದ ಮೂಲೆಯ ಕಡೆಗೊಮ್ಮೆ ನೋಡಿದರು, ಅಷ್ಟೆ. ಚಕ್ರಕ್ಕೆ ವಾಯಿದೆ ಇರುತ್ತದೆ ಎಂಬುದೂ ನನಗೆ ಅವರಿಂದಲೇ ತಿಳಿದದ್ದು. ತೂತಿನ ಸುತ್ತ ಇರುವ ತಗಡಿನ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅಂಟು ಹಳತಾದರೆ, ತೇವ ಹಿಡಿದರೆ ಗಟ್ಟಿತನ ಹೋಗುತ್ತದೆ. ನಾನು ಇಪ್ಪತ್ತು ವರ್ಷದಿಂದ ಚಕ್ರಗಳನ್ನು ಸೋರುವ ಗೋಡೆಗೆ ಒರಗಿಸಿಡುತ್ತಿದ್ದೆ. ಭಾವ ಅವನ್ನು ಮಾತ್ರೆ ಪಟ್ಟಿ ತಿರುಗಿಸಿ ನೋಡುವ ಹಾಗೆ ಒಂದೊಂದೇ ನೋಡಿ ನಾಲ್ಕನ್ನು ಅಲ್ಲೇ ಮುರಿದು ಹಾಕಿದರು. ಜೀವ ಚುರ್ ಎಂದಿತು, ನನ್ನ ದುಡ್ಡಲ್ಲವೇ.

ಕಬ್ಬಿಣ ಕೊಯ್ಯುವ ಈ ಚಕ್ರಕ್ಕೆ ಹಲ್ಲಿಲ್ಲ, ಅದು ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಅಂದರೆ ಕುರುಂದ. ನಮ್ಮ ತಾತಂದಿರ ಕಾಲದಲ್ಲಿ ಕತ್ತಿ ಮಸೆಯುತ್ತಿದ್ದ ಕುರುಂದದ ಕಲ್ಲಿನ ಜಾತಿಯೇ. ಇಂಗ್ಲಿಷಿನವರ ಕೊರಂಡಂ ಎಂಬ ಹೆಸರು ಹೋದದ್ದೂ ನಮ್ಮ ಈ ದಕ್ಷಿಣದ ನುಡಿಗಳಿಂದಲೇ. ಇದನ್ನು ಮಾತ್ರ ಭಾವನಿಗೆ ನಾನು ಹೇಳಿದೆ. "ಹಂಗಾ? ವಿಚಾರಿಸಾನ" ಎಂದರು.

ಇತ್ತ ನಾನು ಆಕ್ಸಾ ಬ್ಲೇಡಿನಲ್ಲಿ, ಕೈಗ್ರೈಂಡರಿನಲ್ಲಿ ಬ್ಯಾರನ್ ಜಾಲರಿ ಕೊಯ್ಯುತ್ತಿದ್ದೆ. ಶ್ರಾವಣ ಹೋಯಿತು, ಗೌರಿ ಬಂದು ಹೋದಳು. ಕೋಟೆಗೆ ಹೋದೆವು, ಪಿರಿಯಾಪಟ್ಟಣದಲ್ಲಿ ಮೂರು ಅಂಗಡಿ, ಮೈಸೂರಿನಲ್ಲಿ ಎಷ್ಟೋ. ಆಂಗಲ್ ಒಂದಡಿಗೆ ಇಳಿದಿತ್ತು. ಆಯುಧಪೂಜೆ ಹತ್ತಿರ ಬಂದಾಗ ನನ್ನ ತಾಳ್ಮೆ ಹರಿಯಿತು. ಸುಟ್ಟ ಮಿಷನ್ನಿಗೆ ಬೂದುಗುಂಬಳ ಒಡೆಯುವುದು ಹೇಗೆ? ಭಾವನಿಗೆ ಹೇಳದೆ, ಮೊಟ್ಟಮೊದಲು ನೋಡಿದ್ದ ಹುಣಸೂರಿನ ಅಂಗಡಿಗೇ ಹೋಗಿ, ಮೊಟ್ಟಮೊದಲು ನೋಡಿದ್ದ ಮಿಷನ್ನನ್ನೇ ತಂದೆ.

ಪೂಜೆ ಊಟಕ್ಕೆ ಭಾವ ಬಂದರು. ಮಿಷನ್ನನ್ನು ಶೀಟಿನ ಹಿಂದೆ ಬಚ್ಚಿಟ್ಟು ಮೇಲೆ ಗೋಣಿ ಹಾಕಿದ್ದೆ. ಅವರು ಅದರ ಕಡೆ ಹೋಗಲೇ ಇಲ್ಲ. ಗುಜರಿ ರಾಶಿಯಿಂದ ಒಂದು ತುಂಡು ಎತ್ತಿ, ಕೊಯ್ದ ಬಾಯಿ ನೋಡಿ, ಮತ್ತೆ ಅಲ್ಲೇ ಇಟ್ಟರು. ಒಬ್ಬಟ್ಟು ತಿಂದು ಕೈ ತೊಳೆದು, "ಎಷ್ಟಾಯ್ತು?" ಎಂದು ಕೇಳಿದರು. ಎಂಟುನೂರು ಕಮ್ಮಿ ಮಾಡಿ ಹೇಳಿದೆ. "ಇನ್ನಿನ್ನೂರು ಬಿಡ್ತಿದ್ದ" ಎಂದವರು ಮೇಲೆದ್ದು, ಮೀಟರ್ ಬೋರ್ಡಿನಿಂದ ಶೆಡ್ಡಿನವರೆಗೆ ನಾನು ಎಳೆದಿದ್ದ ವೈರಿನ ಹಿಂದೆಯೇ ನಡೆದು ಹೋದರು. ಒಂದು ಸ್ಕ್ವೇರ್ ಎಂ.ಎಂ. ವೈರು, ನಲವತ್ತು ಮೀಟರು. "ಇದೂ ಸುಡ್ತದೆ" ಎಂದರು.

ಕೆ.ಆರ್. ನಗರದ ರಿವೈಂಡಿಂಗ್ ಅಂಗಡಿಯವನನ್ನು ಕೇಳಿಕೊಂಡು ಬಂದಿದ್ದರಂತೆ. ಇಷ್ಟುದ್ದದ ಸಣ್ಣ ವೈರಿನಲ್ಲಿ ಹತ್ತು ಆಂಪಿಯರ್ ಎಳೆದರೆ ಹತ್ತು ಹದಿನೈದು ವೋಲ್ಟು ದಾರಿಯಲ್ಲೇ ಮಾಯ. ಸಂಜೆ ಹೊತ್ತು ಲೈನಿನಲ್ಲೇ ವೋಲ್ಟೇಜು ಇರುವುದಿಲ್ಲ. ಚಕ್ರ ನಿಧಾನವಾಗುತ್ತದೆ, ನಾವು ಜೋರಾಗಿ ಒತ್ತುತ್ತೇವೆ, ಒತ್ತಿದಷ್ಟೂ ಮೋಟಾರು ಕರೆಂಟು ಹೆಚ್ಚು ಎಳೆಯುತ್ತದೆ, ತಂಪು ಮಾಡಬೇಕಾದ ಫ್ಯಾನೂ ನಿಧಾನವಾಗಿ ಕಾಯಿಲ್ ಬೇಯುತ್ತದೆ. ಹಳೆ ಮಿಷನ್ನು ಕೆಟ್ಟದ್ದಲ್ಲ, ನಾನು ಕೊಂದದ್ದು. ಮಾರನೆಯ ದಿನವೇ ನಾಲ್ಕು ಸ್ಕ್ವೇರಿನ ವೈರು ಎಳೆಸಿದೆ. ಹಳೆ ಆರ್ಮೇಚರನ್ನು ಸುತ್ತಿಸಿ ತಂದೆ, ಅದೂ ಓಡುತ್ತಿದೆ. ಈಗ ನನ್ನ ಬಳಿ ಎರಡು ಮಿಷನ್ನು.

ಹೊಗೆಸೊಪ್ಪಿನ ಹರಾಜು ನಡೆಯುತ್ತಿದ್ದಾಗ ಒಂದು ದಿನ ಭಾವನ ಜೊತೆ ಕಂಪಲಾಪುರದ ಮಾರುಕಟ್ಟೆಗೆ ಹೋಗಿದ್ದೆ. ಸೊಪ್ಪು ಬೇಯಿಸುವಷ್ಟು ದಿನ ಬ್ಯಾರನ್ನಿನ ಮುಂದೆ ಹಗಲು ರಾತ್ರಿ ಉರಿ ನೋಡಿಕೊಂಡು ಮಲಗಿದ ಮನುಷ್ಯ. ಬೇಲುಗಳನ್ನು ಸಾಲಾಗಿ ಇಟ್ಟಿದ್ದರು. ಕೊಳ್ಳುವವರು ಸಾಲಿನುದ್ದಕ್ಕೂ ನಡೆದು ಬಂದರು. ಒಂದು ಹಿಡಿ ಎಳೆದು ನೋಡಿದರು, ಕೈಯಲ್ಲಿದ್ದ ಯಂತ್ರ ಒತ್ತಿದರು, ಮುಂದೆ ನಡೆದರು. ಭಾವ ಟವೆಲನ್ನು ಹೆಗಲಿನಿಂದ ತೆಗೆದು ಮಡಿಸುವುದರೊಳಗೆ ಅವರ ಬೇಲಿನ ರೇಟು ತೀರ್ಮಾನವಾಗಿತ್ತು. ಯಾರೂ ಅವರನ್ನು ಏನೂ ಕೇಳಲಿಲ್ಲ. ಅವರೂ ಯಾರನ್ನೂ ಏನೂ ವಿಚಾರಿಸಲಿಲ್ಲ. ಗುಂಟೂರಿನಲ್ಲಿ ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ, ಭಾವ ಸೊಪ್ಪು ಹಾಕಲು ಶುರು ಮಾಡಿದ್ದು ಅದರ ಆಚೀಚೆಗೇ. ಹರಾಜು ಶುರುವಾದಂದಿನಿಂದ ಪ್ರತಿ ವರ್ಷ ಹೀಗೇ ನಿಂತಿದ್ದಾರೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಮಾತಿಲ್ಲ. ಒಂದು ಹಾರ್ಡ್‌ವೇರ್ ಅಂಗಡಿ ಕಂಡದ್ದೇ ಗಾಡಿ ನಿಲ್ಲಿಸು ಎಂದರು. ಒಳಗೆ ಹೋಗಿ ಒಂದೇ ಒಂದು ಕಟಿಂಗ್ ಚಕ್ರಕ್ಕೆ ಮುಕ್ಕಾಲು ಗಂಟೆ ರೇಟು ವಿಚಾರಿಸಿದರು. ನಾನು ಗಾಡಿಗೆ ಒರಗಿ ನಿಂತಿದ್ದೆ. ಯಾಕೋ ಆ ದಿನ ಹಾರನ್ನು ಹೊಡೆಯಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರದ ಕಡೆ ಯಾರಾದರೂ ಕಟಿಂಗ್ ಮಿಷನ್ನು ಕೊಳ್ಳುವವರಿದ್ದರೆ ತಿಳಿಸಿ, ಭಾವನನ್ನು ಕಳಿಸಿಕೊಡುತ್ತೇನೆ. ಕಾಫಿ ಖರ್ಚು ನಿಮ್ಮದು. ಆಂಗಲನ್ನೂ ನೀವೇ ತರಬೇಕು, ನನ್ನದು ಎರಡೂವರೆ ಇಂಚು ಮಾತ್ರ ಉಳಿದಿದೆ, ಬಿಲ್ ಪುಸ್ತಕ ಗಾಳಿಗೆ ಹಾರದಂತೆ ಅದನ್ನು ಮೇಲಿಟ್ಟಿದ್ದೇನೆ.